ನೂರು ಗಂಟೆಯ ಮುಯ್ಯಾಳು

ಸಂಬಳ ಕೇಳುವವನಿಗೆ ಕೆಲಸ ಹುಡುಕಿಕೊಡಬಹುದು. ಸಂಬಳವೇ ಬೇಡ, ಸುಮ್ಮನೆ ದುಡಿಯುತ್ತೇನೆ, ಒಂದು ಜಾಗ ಕೊಡಿ ಎನ್ನುವವನಿಗೆ ಹುಡುಕುವುದಿದೆಯಲ್ಲ, ಅದು ನಾಯಿಪಾಡು. ನಗಬೇಡಿ, ಆ ಪಾಡು ಪಟ್ಟವಳು ನಾನು. ಅಂಥ ಒಬ್ಬನನ್ನು ಬೆನ್ನಿಗೆ ಕಟ್ಟಿಕೊಂಡು ಚಳ್ಳಕೆರೆ, ಮೊಳಕಾಲ್ಮುರು ಎರಡೂ ತಾಲ್ಲೂಕು ಸುತ್ತಿದ್ದೇನೆ.

ಇಸವಿ ಎರಡು ಸಾವಿರ ದಾಟಿ ಸ್ವಲ್ಪ ಕಾಲವಾಗಿತ್ತು. ನಾನಾಗ ಪ್ರೊಬೇಷನ್ ಅಧಿಕಾರಿ. ತಪ್ಪು ಮಾಡಿದ್ದಾನೆ ಎಂದು ತೀರ್ಮಾನವಾದ ಮೇಲೂ ಜೈಲಿಗೆ ಹಾಕದೆ, ‘ಹೋಗು, ಇನ್ನು ಮೇಲೆ ನೆಟ್ಟಗಿರು’ ಎಂದು ಕೋರ್ಟು ಬಿಟ್ಟ ಜನರ ಮೇಲೆ ಕಣ್ಣಿಡುವ ಕೆಲಸ. ಚಳ್ಳಕೆರೆಯಲ್ಲಿ ಒಬ್ಬ ಲಾರಿ ಮೆಕ್ಯಾನಿಕ್ಕರ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದೆ. ಬೆಳಿಗ್ಗೆ ಎದ್ದು ಮೊಳಕಾಲ್ಮುರಿನ ಬಸ್ಸು ಹತ್ತಿದರೆ ಕಿಟಕಿ ಪಕ್ಕದ ಸೀಟು ಸಿಕ್ಕ ದಿನ ಒಳ್ಳೆಯ ದಿನ, ಸಿಗದ ದಿನ ಯಾರ ಮೇಲಾದರೂ ಸಿಡುಕುವ ದಿನ.

ಮೊಳಕಾಲ್ಮುರಿನ ಕೋರ್ಟಿಗೆ ಹೊಸದಾಗಿ ಒಬ್ಬರು ಮ್ಯಾಜಿಸ್ಟ್ರೇಟರು ಬಂದಿದ್ದರು. ಚಿಕ್ಕ ವಯಸ್ಸು, ತುಂಬ ಓದಿಕೊಂಡವರು. ಹೊಡೆದಾಟದ ಕೇಸೊಂದರಲ್ಲಿ ಅವರು ಒಂದು ಆದೇಶ ಕೊಟ್ಟರು. ಆರೋಪಿ ಮುಂದಿನ ವಿಚಾರಣೆಯೊಳಗೆ ಯಾವುದಾದರೂ ಸಾರ್ವಜನಿಕ ಸಂಸ್ಥೆಯಲ್ಲಿ ಪ್ರತಿಫಲವಿಲ್ಲದೆ ನೂರು ಗಂಟೆ ಸಮುದಾಯ ಸೇವೆ ಮಾಡತಕ್ಕದ್ದು, ಮಾಡದಿದ್ದರೆ ಜೈಲು, ಜಾಗ ಹುಡುಕಿಕೊಡುವುದು ಪ್ರೊಬೇಷನ್ ಅಧಿಕಾರಿಯ ಹೊಣೆ. ಸಮುದಾಯ ಸೇವೆ ಎಂಬ ಮಾತನ್ನು ನಾನು ಭಾಷಣಗಳಲ್ಲಿ ಕೇಳಿದ್ದೆ. ಅದನ್ನು ಗಂಟೆಗಟ್ಟಲೆ ಅಳೆದು ಕೊಡಬೇಕು ಎಂದು ಗೊತ್ತಿರಲಿಲ್ಲ. ಎಸ್‌ಟಿಡಿ ಬೂತಿಗೆ ಹೋಗಿ ಚಿತ್ರದುರ್ಗದಲ್ಲಿದ್ದ ಮೇಲಧಿಕಾರಿಗೆ ಫೋನು ಮಾಡಿದೆ. ಅವರು ಬಹಳ ಹೊತ್ತು ಕೆಮ್ಮಿ, “ಇದು ನಮ್ಮಲ್ಲಿ ಇದೆಯೇನಮ್ಮಾ? ಇರಲಿ, ನೋಡಿ ಮಾಡು” ಅಂದರು. ನೋಡಿ ಮಾಡು! ಏನನ್ನು ನೋಡಲಿ, ಯಾವುದನ್ನು ಮಾಡಲಿ?

ಆರೋಪಿ ದೇವಸಮುದ್ರ ಹೋಬಳಿಯ ಒಂದು ಸಣ್ಣ ಊರಿನವನು. ನಲವತ್ತರ ಆಸುಪಾಸು, ಸ್ವಲ್ಪ ಹೊಲ, ಮನೆಯೊಳಗೆ ತೆಲುಗು, ಹೊರಗೆ ಕನ್ನಡ. ಪಕ್ಕದ ಹೊಲದವನ ಕುರಿ ಇವನ ಶೇಂಗಾಕ್ಕೆ ನುಗ್ಗಿದ್ದವು. ಮಾತಿಗೆ ಮಾತು ಬೆಳೆದು, ಇವನು ದೊಣ್ಣೆ ಬೀಸಿ ಅವನ ಬಲಗೈ ಮುರಿದಿದ್ದ. ಆ ಕೈ ಸರಿಯಾಗಿ ಕೂಡಲೇ ಇಲ್ಲ, ಸೊಟ್ಟಗಾಯಿತು, ಹಿಡಿತ ಹೋಯಿತು. ಅಂದಿನಿಂದ ಒಂದೇ ಬದುವಿನ ಆ ಇಬ್ಬರ ನಡುವೆ ಮಾತಿಲ್ಲ.

ಮೊದಲ ಭೇಟಿಯಲ್ಲೇ ಅವನು ತನ್ನ ಸಂಕಟವನ್ನು ನನ್ನ ಮುಂದೆ ಇಟ್ಟ. ಹೆಂಡತಿ ತೀರಿಹೋಗಿದ್ದಳು. ಇದ್ದದ್ದು ಒಬ್ಬಳೇ ಮಗಳು, ಇನ್ನೂ ಸ್ಕೂಲಿಗೆ ಸೇರದ ಪುಟ್ಟಿ. ಅತ್ತೆ ಆಂಧ್ರದ ರಾಯದುರ್ಗದ ಕಡೆಯವಳು, ಮೊಮ್ಮಗಳು ತನ್ನಲ್ಲೇ ಬೆಳೆಯಬೇಕು ಎಂದು ಹಟ ಹಿಡಿದಿದ್ದಳು.

“ಮೇಡಮ್ಮಾರೆ, ಜೈಲು ಅಂದ್ರೆ ನಂಗೇನು ಭಯ ಇಲ್ರಿ,” ಅಂದ. “ನಾನು ಒಳಗೆ ಹೋದ ದಿನಾನೇ ನಮ್ಮತ್ತೆ ಬಸ್ ಹತ್ತಿ ಬರ್ತಾಳೆ. ಪಾಪನ್ನ ಕರ್ಕಂಡು ಹೋಗ್ತಾಳೆ. ಆಮೇಲೆ ಜೈಲಿಗೆ ಹೋಗಿ ಬಂದೋನಿಗೆ ಯಾವ ಮಗಳು ಅಂತಾಳೆ. ತಿರುಗಿ ಕಳ್ಸಲ್ಲ.”

“ಅಲ್ಲಿಗೆ ಹೋಗೋ ಹಾಗಾಗಲ್ಲ, ಜಾಗ ನಾನು ಹುಡುಕ್ತೀನಿ,” ಅಂದೆ. ಎಷ್ಟು ಧೈರ್ಯ ನನಗೆ!

ಅವನನ್ನು ಕರೆದುಕೊಂಡು ಮೊದಲು ಆಸ್ಪತ್ರೆಗೆ ಹೋದೆ. ಡಾಕ್ಟರು, “ಸಂಬಳ ತಗೊಳ್ಳೋರೇ ನನ್ನ ಮಾತು ಕೇಳಲ್ಲ, ಸಂಬಳ ಇಲ್ಲದೋನು ಕೇಳ್ತಾನಾ?” ಅಂದರು. ಹೈಸ್ಕೂಲಿನ ಹೆಡ್‌ಮಾಸ್ತರು ಅವನ ಅಂಗೈ ಅಗಲ ನೋಡಿಯೇ ಒಂದು ಹೆಜ್ಜೆ ಹಿಂದೆ ಸರಿದು, “ಕೈ ಮುರಿದೋನನ್ನ ಮಕ್ಕಳ ಮಧ್ಯೆ ಬಿಡ್ಲಾ ಮೇಡಂ?” ಅಂದರು. ಪಂಚಾಯ್ತಿ ಸೆಕ್ರೆಟರಿಯಂತೂ ಎದ್ದೇ ನಿಂತ. “ಕೂಲಿ ಕೊಡ್ದೆ ದುಡಿಸ್ಕಂಡ್ರೆ ಬಿಟ್ಟಿ ಚಾಕರಿ ಮಾಡಿಸ್ದ ಅಂತ ನಾಳೆ ನನ್ನ ಮೇಲೇ ಕೇಸ್ ಆಗ್ತೈತ್ರಿ. ಆಗ ನಂಗೆ ನೂರು ಗಂಟೆ ಹಾಕ್ತಾರೆ, ನಂಗೆಲ್ಲಿ ಜಾಗ ಹುಡುಕ್ತೀರಿ?” ನನಗೆ ಸಿಟ್ಟು ಬಂತು. ಬಸ್ಸಿನಲ್ಲಿ ಬರುವಾಗ ಯೋಚಿಸಿದರೆ ಅವನು ಹೇಳಿದ್ದೂ ಸರಿಯೇ ಅನ್ನಿಸಿ ಇನ್ನಷ್ಟು ಸಿಟ್ಟು ಬಂತು.

ಹೀಗೆ ತಿಂಗಳುಗಳು ಉರುಳಿದವು. ಅವನು ಪ್ರತಿ ಸಂತೆಗೂ ಬಂದು ಕೋರ್ಟಿನ ಬೇವಿನ ಮರದಡಿ ಕೂತು, ನಾನು ಕಂಡ ಕೂಡಲೇ ಎದ್ದು, “ಸಿಕ್ತಾ ಮೇಡಮ್ಮಾರೆ?” ಅನ್ನುತ್ತಿದ್ದ. ಇಲ್ಲ ಎನ್ನಲು ನಾಚಿಕೆಯಾಗಿ ಒಂದು ದಿನ ಹಿಂದಿನ ಬಾಗಿಲಿಂದ ಹೋಗಿಬಿಟ್ಟೆ.

ಕೊನೆಗೆ ಒಪ್ಪಿದವರು ಅವನ ಊರಿನ ಹತ್ತಿರವೇ ಇದ್ದ ಪಶು ಆಸ್ಪತ್ರೆಯ ಡಾಕ್ಟರು. ಆಸ್ಪತ್ರೆಯ ಕಂಪೌಂಡಿನ ತುಂಬ ಬಳ್ಳಾರಿ ಜಾಲಿ ಬೆಳೆದು, ಕುರಿ ಹೊಡೆದುಕೊಂಡು ಬಂದವರು ರಸ್ತೆಯಲ್ಲೇ ನಿಲ್ಲಬೇಕಾಗಿತ್ತು. ಕಲ್ಲಿನ ಗೋಡೆಯೂ ಅಲ್ಲಲ್ಲಿ ಬಿದ್ದಿತ್ತು. “ಜಾಲಿ ಕಡಿದು ಗೋಡೆ ಕಟ್ಲಿ. ಕೈ ಮುರಿದಿದ್ದಾನೋ ಕಾಲು ಮುರಿದಿದ್ದಾನೋ ನನ್ನ ಕುರಿಗಳು ಕೇಳಲ್ಲ,” ಅಂದರು. ಅವರ ಕಾಲಿಗೆ ಬೀಳೋಣ ಅನ್ನಿಸಿತು. ಆದರೆ ವಿಚಾರಣೆಗೆ ಉಳಿದದ್ದು ಒಂದು ವಾರ. ಎಷ್ಟು ಗುಣಿಸಿ ಭಾಗಿಸಿದರೂ ಒಬ್ಬ ಮನುಷ್ಯ ಒಂದು ವಾರದಲ್ಲಿ ನೂರು ಗಂಟೆ ಜಾಲಿ ಕಡಿಯುವುದು ಆಗದ ಮಾತು.

ಅವನಿಗೆ ವಿಷಯ ತಿಳಿಸಿದೆ. ಅವನು ಕೇಳಿದ, “ನೂರು ಗಂಟೆ ಅಂದ್ರೆ ಎಷ್ಟು ಆಳಿನ ಕೆಲ್ಸ ಆಗ್ತೈತ್ರಿ?”

ಬಸ್ಸು ಹೊರಟಿತ್ತು, ನನಗೆ ಅವಸರ. “ದಿನಕ್ಕೆ ಎಂಟು ಗಂಟೆ ಅಂದ್ರೂ ಹನ್ನೆರಡೂವರೆ ಆಳು ಕಣಯ್ಯಾ!” ಅಂದೆ.

“ಅಷ್ಟೇನಾ?” ಅಂದ. ಅವನ ಮುಖ ಬೆಳಗಿತು. ಯಾಕೆ ಬೆಳಗಿತು ಎಂದು ನನಗೆ ಹೊಳೆಯಲಿಲ್ಲ. ಬಸ್ಸು ಹತ್ತಿದೆ.

ಎರಡು ದಿನ ಬಿಟ್ಟು ನೋಡಲು ಹೋದೆ. ಆಸ್ಪತ್ರೆಯ ಮುಂದೆ ಗಂಡಸರು, ಹೆಂಗಸರು ಸೇರಿ ಹತ್ತಾರು ಜನ. ಯಾವುದೋ ಸರ್ಕಾರಿ ಕಾಮಗಾರಿ ಎಂದುಕೊಂಡೆ. ಕೆಲವರು ಜಾಲಿಗೆ ಕೊಡಲಿ ಹಾಕುತ್ತಿದ್ದರು, ಕೆಲವರು ಕಲ್ಲು ಹೊತ್ತು ತರುತ್ತಿದ್ದರು. ಬೆಳಗಿನಿಂದ ಆಗಲೇ ಅರ್ಧ ಗೋಡೆ ಎದ್ದಿತ್ತು. ನಮ್ಮವನು ಗೋಡೆಯ ಮೇಲೆ ನಿಂತು ಕಲ್ಲು ಕೂರಿಸುತ್ತಿದ್ದ. ಡಾಕ್ಟರು ವರಾಂಡದಲ್ಲಿ ಟೀ ಕುಡಿಯುತ್ತ, “ಮೇಡಂ, ಇಂಥ ಅಪರಾಧಿಗಳನ್ನ ಇನ್ನೂ ನಾಲ್ಕು ಜನ ಕಳ್ಸಿ,” ಅಂದರು.

ಅವನನ್ನು ಕೆಳಗಿಳಿಸಿ ಕೇಳಿದೆ, “ಇವರೆಲ್ಲಾ ಯಾರಯ್ಯಾ?”

“ಮುಯ್ಯಾಳು ಮೇಡಮ್ಮಾರೆ.”

ಮುಯ್ಯಾಳು ನನಗೇನು ಹೊಸದಲ್ಲ. ನಾನೂ ಹಳ್ಳಿಯವಳೇ. ಇವತ್ತು ನೀನು ನನ್ನ ಹೊಲಕ್ಕೆ ಬಾ, ನಾಳೆ ನಾನು ನಿನ್ನ ಹೊಲಕ್ಕೆ ಬರ್ತೀನಿ. ದುಡ್ಡಿಲ್ಲ, ಆಳಿಗೆ ಆಳು. ಕಳೆ ತೆಗೆಯಲು, ಶೇಂಗಾ ಕೀಳಲು ಕರೆಯುತ್ತಾರೆ. ಕೋರ್ಟಿನ ಶಿಕ್ಷೆಗೆ ಕರೆದದ್ದನ್ನು ಮಾತ್ರ ಎಲ್ಲೂ ಕೇಳಿರಲಿಲ್ಲ.

“ಇದು ನಿನ್ನ ಶಿಕ್ಷೆ ಕಣಯ್ಯಾ! ಶಿಕ್ಷೆಗೆ ಮುಯ್ಯಾಳು ಕರೀತಾರೇನಯ್ಯಾ? ನಿನ್ನ ತಲೆ ಗಟ್ಟಿ ಐತಾ?” ಎಂದು ಕೂಗಾಡಿದೆ. ಕೊಡಲಿಗಳು ನಿಂತವು.

ಅವನು ಕಣ್ಣು ಪಿಳಿಪಿಳಿ ಬಿಟ್ಟ. “ನೀವೇ ಹೇಳಿದ್ರಲ್ರಿ, ಹನ್ನೆರಡೂವರೆ ಆಳು ಅಂತ. ನಂದೂ ಸೇರಿ ಸರಿಯಾಗಿ ಅಷ್ಟೇ ಆಗೈತ್ರಿ.”

“ಅರ್ಧ ಆಳು ಎಲ್ಲಿಂದ ತಂದೆ?”

ಅವನು ತಲೆ ತಗ್ಗಿಸಿದ. ಕಂಪೌಂಡಿನ ಮೂಲೆಯಲ್ಲಿ ಒಬ್ಬ, ಬಲಗೈಯನ್ನು ಎದೆಗೆ ಒತ್ತಿಕೊಂಡು, ಎಡಗೈಯೊಂದರಲ್ಲೇ ಮುಳ್ಳಿನ ಕೊಂಬೆಗಳನ್ನು ಬೆಂಕಿಗೆ ಎಳೆದು ಹಾಕುತ್ತಿದ್ದ. ಕೈ ಮುರಿಸಿಕೊಂಡವನು! “ಅವನನ್ನ ನಾನು ಕರೀಲಿಲ್ರಿ. ಅವನೇ ಬಂದ. ಯಾಕೆ ಅಂತ ಕೇಳಾಕೆ ಮಾತಿಲ್ವಲ್ಲ,” ಅಂದ ನಮ್ಮವನು.

ಸಂಜೆಯ ಹೊತ್ತಿಗೆ ಕೆಲಸ ಮುಗಿದೇ ಹೋಯಿತು. ನೂರು ಗಂಟೆಯ ಕೆಲಸ ಕಣ್ಣ ಮುಂದಿತ್ತು. ಮಾಡಬೇಕಾದವನು ಮಾಡಿದ್ದು ಮಾತ್ರ ಎಂಟು ಗಂಟೆ. ವರದಿಯಲ್ಲಿ ಏನು ಬರೆಯಲಿ? ಆಗಿದೆ ಎಂದರೆ ಸುಳ್ಳು. ಆಗಿಲ್ಲ ಎಂದರೂ ಸುಳ್ಳು, ಮೇಲಾಗಿ ಆ ಪುಟ್ಟಿ ರಾಯದುರ್ಗದ ಬಸ್ಸು ಹತ್ತುತ್ತಾಳೆ. ತಲೆ ಕೆಟ್ಟು ಗೊಬ್ಬರವಾಯಿತು.

ಮನೆಗೆ ಬಂದು ಮೆಕ್ಯಾನಿಕ್ಕರ ಹೆಂಡತಿಯ ಮುಂದೆ ಎಲ್ಲ ಹೇಳಿಕೊಂಡೆ. ಆಕೆ ಅಕ್ಕಿ ಆರಿಸುತ್ತಿದ್ದರು. “ಅರೆ, ಇಷ್ಟಕ್ಕೆ ಯಾಕೆ ಪರೇಶಾನ್ ಆಗ್ತೀರಾ?” ಅಂದರು. “ನಿಮ್ಮ ಜಡ್ಜ್ ಸಾಬ್‌ಗೆ ಏನು ಬೇಕಿತ್ತು ಕೇಳಿ. ಕೆಲಸ ಆಗ್ಬೇಕಿತ್ತಾ, ಇಲ್ಲಾ ಅವನಿಗೆ ಸುಸ್ತಾಗ್ಬೇಕಿತ್ತಾ?” ಒಳ್ಳೆಯ ಪ್ರಶ್ನೆ ಅಂದೆ. ಆಕೆಯ ಜೊತೆ ನಾನೂ ಅಕ್ಕಿ ಆರಿಸಲು ಕೂತೆ.

ವಿಚಾರಣೆಯ ದಿನ ಕೋರ್ಟಿನ ವರಾಂಡದಲ್ಲಿ ಅತ್ತೆ ಆಗಲೇ ಬಂದು ಕೂತಿದ್ದಳು. ಕಾಲ ಬಳಿ ಒಂದು ಖಾಲಿ ಬ್ಯಾಗು. ಮಗುವಿನ ಬಟ್ಟೆ ತುಂಬಿಕೊಳ್ಳಲು ತಂದದ್ದು ಎಂದು ಯಾರೂ ಹೇಳಬೇಕಾಗಿರಲಿಲ್ಲ. ಮಗು ಅಪ್ಪನ ಪಂಚೆ ಹಿಡಿದು ನಿಂತಿತ್ತು. ಕೈ ಮುರಿಸಿಕೊಂಡವನೂ ದೂರದಲ್ಲಿ ಗೋಡೆಗೆ ಒರಗಿದ್ದ.

ನಡೆದದ್ದನ್ನು ನಡೆದ ಹಾಗೆ ಹೇಳಿದೆ. ಹೇಳುತ್ತ ಹೇಳುತ್ತ ನನಗೇ ಅದು ತಮಾಷೆಯಂತೆ ಕೇಳಿಸಿತು. ಮ್ಯಾಜಿಸ್ಟ್ರೇಟರಿಗೆ ಸಿಟ್ಟು ಬಂತು. “ಶಿಕ್ಷೆ ಕೊಟ್ಟಿದ್ದು ಇವನಿಗಾ, ಊರಿಗಾ? ಊರಿನವರ ಕೈಲಿ ಕೆಲಸ ಮಾಡಿಸಿ ಕೈ ತೊಳೆದುಕೊಂಡನಾ ಇವನು?” ಅಂದರು.

“ತೊಳ್ಕಂಡಿಲ್ಲ ಸ್ವಾಮಿ,” ಅಂದ ನಮ್ಮವನು. “ಮುಯ್ಯಿ ತಗಂಡೀನಿ. ಒಬ್ಬೊಬ್ರ ಹೊಲಕ್ಕೂ ಹೋಗಿ ತೀರಿಸ್ಬೇಕು. ತೀರಿಸ್ದೆ ಇದ್ರೆ ನಾಳೆ ನನ್ನ ಹೊಲಕ್ಕೆ ಯಾರು ಬರ್ತಾರೆ?”

“ಅದೇನೋ ಅರ್ಧ ಆಳು ಅಂದರಲ್ಲ, ಅದು ಯಾರು?” ಎಂದು ಮ್ಯಾಜಿಸ್ಟ್ರೇಟರು ಕೇಳಿದರು.

ಗೋಡೆಗೆ ಒರಗಿದ್ದವನು ಯಾರೂ ಕರೆಯದೆ ಮುಂದೆ ಬಂದ. “ನಾನೇ ಸ್ವಾಮಿ.” ಸೊಟ್ಟ ಕೈ ಎತ್ತಲು ನೋಡಿದ, ಅದು ಎದೆಯ ಮಟ್ಟಕ್ಕೆ ನಿಂತಿತು. “ನನ್ನ ಅರ್ಧ ಮಾಡಿದೋನು ಇವನೇ. ಅದಕ್ಕೇ ಹೋದೆ. ನಾನು ಒಂದು ಕೈಯಾಗೆ ದುಡ್ದೀನಿ, ಇವನು ಎರಡು ಕೈಯಾಗೆ ತೀರಿಸ್ಲಿ. ಕಳೆ ಬಂದು ಹೊಲ ಹಾಳಾಗ್ತೈತೆ ಸ್ವಾಮಿ. ಇವನನ್ನ ಜೈಲಿಗೆ ಹಾಕಿದ್ರೆ ನನ್ನ ಮುಯ್ಯಿ ನೀವು ತೀರಿಸ್ತೀರಾ?”

ನಾನಂತೂ, ಮುಗೀತು ಕಥೆ, ಇಬ್ಬರನ್ನೂ ಒಳಗೆ ಹಾಕ್ತಾರೆ ಅಂದುಕೊಂಡೆ. ಮ್ಯಾಜಿಸ್ಟ್ರೇಟರು ಪೆನ್ನಿನ ಮುಚ್ಚಳ ಹಾಕಿದರು, ತೆಗೆದರು, ಮತ್ತೆ ಹಾಕಿದರು. ಅವರಿಗೂ ನನ್ನಷ್ಟೇ ಗೊಂದಲವಾಗಿರಬೇಕು. ಕೊನೆಗೆ, “ತೀರಿಸಲಿ. ಎಲ್ಲರದ್ದೂ ತೀರಿಸಲಿ. ಅಧಿಕಾರಿ ಜೊತೆಗಿದ್ದು ಗಂಟೆ ನೋಡಿಕೊಳ್ಳಲಿ. ಅಲ್ಲಿವರೆಗೆ ಜೈಲಿನ ಮಾತಿಲ್ಲ,” ಅಂದರು. ಇದು ಯಾವ ಕಾನೂನು, ಖಾಸಗಿ ಹೊಲದ ಕಳೆ ಸಾರ್ವಜನಿಕ ಸೇವೆ ಹೇಗಾಯಿತು ಎಂದು ಕೇಳುವ ಧೈರ್ಯ ನನಗಿರಲಿಲ್ಲ. ಇವತ್ತಿಗೂ ಗೊತ್ತಿಲ್ಲ.

ಹೊರಗೆ ಅತ್ತೆ ನನ್ನ ಸೆರಗು ಹಿಡಿದು, “ಜೈಲು ಲೇದಾ?” ಅಂದಳು. ಇಲ್ಲ, ಸದ್ಯಕ್ಕಿಲ್ಲ ಅಂದೆ. ಪೂರ್ತಿ ತೀರಿಸೋವರೆಗೂ ನೋಡ್ತೀನಿ ಎಂಬಂತೆ ಅಳಿಯನನ್ನು ನೋಡಿದಳು. ಖಾಲಿ ಬ್ಯಾಗನ್ನು ಮಡಚಲಿಲ್ಲ, ಹಾಗೆಯೇ ಹಿಡಿದು ಬಸ್ ಸ್ಟ್ಯಾಂಡಿಗೆ ನಡೆದಳು.

ಆ ಮಳೆಗಾಲ ನಾನು ಕೊಡೆ ಹಿಡಿದು ಬದುಗಳ ಮೇಲೆ ಕೂತು ಕಳೆದೆ. ಅವನು ಇವತ್ತು ಈ ಹೊಲ, ಇನ್ನೊಂದು ದಿನ ಆ ಹೊಲ ಎಂದು ಬಗ್ಗಿ ಕಳೆ ಕೀಳುತ್ತಿದ್ದ. ಮಗಳು ಮರದಡಿ ಆಡುತ್ತಿದ್ದಳು. ಹೋದ ಮನೆಯವರೆಲ್ಲ ಅವನಿಗೂ ಮಗುವಿಗೂ ಜೊತೆಗೆ ನನಗೂ ಮುದ್ದೆ ಹಾಕಿದರು. ಊಟ ಪ್ರತಿಫಲವೋ ಅಲ್ಲವೋ ಎಂದು ಮೊದಲ ದಿನ ಯೋಚಿಸಿದೆ, ಎರಡನೇ ದಿನ ಸುಮ್ಮನೆ ಉಂಡೆ.

ಕೈ ಮುರಿಸಿಕೊಂಡವನ ಹೊಲವನ್ನು ಅವನು ಕೊನೆಗೆ ಇಟ್ಟುಕೊಂಡಿದ್ದ. ಆ ದಿನ ಇಬ್ಬರೂ ಅಕ್ಕಪಕ್ಕದ ಸಾಲು ಹಿಡಿದರು. ಒಬ್ಬನದು ಎರಡು ಕೈ, ಇನ್ನೊಬ್ಬನದು ಒಂದು. ಮಾತಿಲ್ಲ, ಮುಖ ನೋಡುವುದೂ ಇಲ್ಲ. ಮಧ್ಯಾಹ್ನ ಆ ಮನೆಯ ಬುತ್ತಿ ಬಂದಾಗ ಒಬ್ಬ ಆ ಕಡೆ ತಿರುಗಿ ಉಂಡ, ಒಬ್ಬ ಈ ಕಡೆ. ಮಗು ಮಾತ್ರ ಎರಡೂ ಕಡೆ ಹೋಗಿ ಎರಡೂ ತಟ್ಟೆಯಿಂದ ತಿಂದು, ಹೊಲದವನ ಕಂಬಳಿಯ ಮೇಲೆಯೇ ನಿದ್ದೆ ಹೋಯಿತು.

ಊಟವಾದ ಸ್ವಲ್ಪ ಹೊತ್ತಿಗೆ ನನ್ನ ಲೆಕ್ಕ ತುಂಬಿತು. ಅರ್ಧ ಆಳಿಗೆ ಅರ್ಧ ದಿನ. ನನಗೂ ಎದೆ ತುಂಬಿ ಬಂತು. ಬದುವಿನಿಂದಲೇ ಕೂಗಿದೆ, “ಮುಗೀತು ಕಣಯ್ಯಾ! ನೂರು ಗಂಟೆ ಆಯ್ತು. ಮಗಳನ್ನ ಎತ್ಕೊಂಡು ಮನೆಗೆ ಹೋಗು.”

ಅವನು ಸೊಂಟ ನೆಟ್ಟಗೆ ಮಾಡಿ ನಿಂತ. ಅವನ ಕಣ್ಣಲ್ಲಿ ನೀರು ತುಂಬಿತ್ತು. ಮಗಳು ಮಲಗಿದ್ದ ಕಡೆಗೆ ಎರಡು ಹೆಜ್ಜೆ ಇಟ್ಟ.

ಪಕ್ಕದ ಸಾಲಿನವನು ತಲೆ ಎತ್ತಲಿಲ್ಲ. ಎಡಗೈಯಲ್ಲಿ ಒಂದು ಹಿಡಿ ಕಳೆ ಕಿತ್ತು ಬದುವಿಗೆ ಎಸೆದ.

“ಲೇ,” ಅಂದ. “ಹೊತ್ತಿನ್ನೂ ಮುಳುಗಿಲ್ಲ. ನಾನೇನು ಅರ್ಧ ಆಳೇನ್ಲಾ?”

ದೊಣ್ಣೆ ಬಿದ್ದ ದಿನದಿಂದ ಅವನು ಇವನಿಗೆ ಆಡಿದ ಮೊದಲ ಮಾತು ಅದು. ನಮ್ಮವನು ಕಂಬಳಿಯ ಮೇಲಿದ್ದ ಮಗಳನ್ನು ನೋಡಿದ, ತಿರುಗಿ ಬಂದು ತನ್ನ ಸಾಲಿನಲ್ಲಿ ಬಗ್ಗಿದ. ನಾನು ವಾಚು ನೋಡುವುದನ್ನು ಬಿಟ್ಟು ಮಗುವಿನ ಪಕ್ಕ ಕೂತೆ.