ಬಂಟಿಯ ಪಥ್ಯ ಮತ್ತು ನಮ್ಮ ದ್ರಾಕ್ಷಿ

ಗೆಳೆಯರೇ, ನಮ್ಮ ಬಂಟಿ ಬದುಕಿದ! ಬೆಳಿಗ್ಗೆ ನಾಯಿ ವಾಂತಿ ಮಾಡಿದ್ದೇ ತಡ, ಅತ್ತೆಯನ್ನೂ ಕರೆದುಕೊಂಡು ಕಾಗವಾಡದ ಪಶುವೈದ್ಯರ ಬಳಿ ಓಡಿದೆ.

"ಮನಿ ಊಟ ಹಾಕ್ರಿ, ಆದ್ರ ಉಳ್ಳಾಗಡ್ಡಿ, ಬಳ್ಳೊಳ್ಳಿ ಬ್ಯಾಡ್ರಿ" ಎಂದರು ಅವರು.

ಅತ್ತೆಯ ಮುಖ ಅರಳಿತು. "ನಾವು ಜೈನರ್ರಿ, ಅವು ನಮ್ಮ ಮನಿಯೊಳಗ ಬರೂದ ಇಲ್ಲ. ಮುಂಜಾನೆ ಶಿರಾ ಹಾಕೇನಿ, ನಮ್ಮ ತ್ವಾಟದ ಒಣದ್ರಾಕ್ಷಿ ಹಾಕಿ!"

"ಅದರಿಂದನ ಆಗೇತ್ರಿ ಅಜ್ಜಿ! ದ್ರಾಕ್ಷಿ ಹಸೀದಿರ್ಲಿ, ಒಣಾದಿರ್ಲಿ, ನಾಯಿಗೆ ವಿಷ. ಕಿಡ್ನಿ ಕೆಡತಾವ. ಪುಣ್ಯಾ, ಜಲ್ದಿ ತಂದೀರಿ."

ಅತ್ತೆ ಗಾಬರಿಯಿಂದ ಬಾಗಿಲ ಕಡೆ ನೋಡಿದರು. "ಮೆಲ್ಲಕ ಹೇಳ್ರಿ ಡಾಕ್ಟ್ರ! ಸಂಜಿಕಿ ನಮ್ಮ ದ್ರಾಕ್ಷಿ ಮಾಲು ನೋಡಾಕ ವ್ಯಾಪಾರಿ ಬರಾವ ಅದಾನ!"

ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ದ್ರಾಕ್ಷಿ ನಾಯಿಗೆ ವಿಷ ಎಂದು ಇಷ್ಟು ಓದಿದ ನನಗಾದರೂ ಎಲ್ಲಿ ಗೊತ್ತಿತ್ತು?

ಇಂಜೆಕ್ಷನ್, ಸಲೈನ್ ಆದ ಮೇಲೆ ಮಧ್ಯಾಹ್ನ ಬಂಟಿ ಬಾಲ ಅಲ್ಲಾಡಿಸಿದ! ಮನೆಗೆ ಬಂದೊಡನೆ ಅತ್ತೆ ಉಳ್ಳಾಗಡ್ಡಿಯ ವಿಷಯವನ್ನು ಓಣಿಗೆಲ್ಲ ಕೇಳುವಂತೆ ಹೇಳಿದರು. ದ್ರಾಕ್ಷಿಯ ವಿಷಯವನ್ನು ಬಂಟಿಯ ಕಿವಿಯಲ್ಲಿ ಮಾತ್ರ ಹೇಳಿದರು.

ನಾಯಿ ಸಾಕಿದವರೇ, ನಿಮಗಾದರೂ ಗೊತ್ತಿರಲಿ ಎಂದೇ ಇಲ್ಲಿ ಬರೆದೆ. ಸದ್ಯ, ಅತ್ತೆ ಫೇಸ್‌ಬುಕ್‌ನಲ್ಲಿ ಇಲ್ಲ.