ಹರಾಜಿನಲ್ಲಿ ಗುಂಡಯ್ಯ ಕೂಗಿದ ಮೊತ್ತ

ಚನ್ನರಾಯಪಟ್ಟಣದ ಎಣ್ಣೆ ಮಿಲ್ಲಿನ ಡ್ರೈವರ್ ಗುಂಡಯ್ಯನಿಗೆ ಹದಿನಾಲ್ಕು ತಿಂಗಳ ಸಂಬಳ ಇನ್ನೂ ಬರಬೇಕು. ಮಿಲ್ಲು ಮುಚ್ಚಿದ್ದು ತೊಂಬತ್ತೆಂಟರಲ್ಲಿ. ನಾನು ಇದನ್ನು ಬರೆಯುತ್ತಿರುವುದು ಎರಡು ಸಾವಿರದ ಆರರಲ್ಲಿ.

ಗುಂಡಯ್ಯ ಹೊಳೆನರಸೀಪುರದ ಕಡೆಯವನು. ಹೆಸರಿಗೆ ಲಾರಿ ಡ್ರೈವರ್; ಜೊತೆಗೆ ಮಿಲ್ಲಿನ ಸಾಹುಕಾರ ರವೀಂದ್ರನ ಕಾರಿನ ಚಾಕರಿ. ಕಾರು ಇಟಲಿಯದು, ಆಲ್ಫಾ ರೋಮಿಯೋ, ಕೆಂಪು ಬಣ್ಣ, ಎರಡೇ ಸೀಟು. ರವೀಂದ್ರನ ಅಪ್ಪ ಹಿಂದೆಂದೋ ಮದರಾಸಿನಲ್ಲಿ ಕೊಂಡು ತಂದದ್ದು. ಅಂಥವು ದೇಶದಲ್ಲೇ ಬೆರಳೆಣಿಕೆಯಷ್ಟಿವೆಯಂತೆ. ನೆಲಕ್ಕೆ ಎಷ್ಟು ಹತ್ತಿರವೆಂದರೆ ರಸ್ತೆಯ ಹಂಪು ಹೊಟ್ಟೆಗೆ ತಗಲುತ್ತಿತ್ತು. ಅದಕ್ಕೇ ಸಾಹುಕಾರ ಹಾಸನಕ್ಕೆ ಹೊರಟರೆ ಪಕ್ಕದ ಸೀಟಿನಲ್ಲಿ ಗುಂಡಯ್ಯ, ಅವನ ತೊಡೆಯ ಮೇಲೆ ಎರಡು ಮೋಟು ಹಲಗೆ. ಹಂಪು ಬಂದಾಗಲೆಲ್ಲ ಇಳಿದು, ಹಲಗೆ ಹಾಸಿ, ಕಾರು ದಾಟಿಸಿ, ಹಲಗೆ ಎತ್ತಿಕೊಂಡು ಹಿಂದೆ ಓಡಬೇಕು. "ಕಾರ್ನಾಗೆ ಓಗಿ ನಡ್ಕಂಡು ಬಂದೋನು ನಾನೊಬ್ನೇ" ಎಂದು ನಗುತ್ತಿದ್ದ.

ಇದೇ ಗುಂಡಯ್ಯ ನಮ್ಮ ರೈತ ಸಂಘದವನು. ಎಂಬತ್ತರ ದಶಕದಲ್ಲಿ ಸಾಲ ವಸೂಲಿಯವರು ಅವನ ಮನೆಯ ಬಾಗಿಲನ್ನೇ ಕಿತ್ತು ಹರಾಜಿಗಿಟ್ಟಿದ್ದರು. ಸುತ್ತ ನಿಂತ ಊರವರಲ್ಲಿ ಒಬ್ಬನೂ ಬಾಯಿ ಬಿಡಲಿಲ್ಲ. ಕೂಗುವವರಿಲ್ಲದೆ ಬಾಗಿಲು ವಾಪಸ್ ಬಂತು. ಜಪ್ತಿ ಮಾಲಿಗೆ ಕೂಗಬಾರದು ಎಂಬುದು ಅಂದಿನಿಂದ ನಮ್ಮ ಕಟ್ಟಳೆ.

ಮಿಲ್ಲು ಮುಳುಗಿದ ಮೇಲೆ ಬ್ಯಾಂಕಿನವರು ಕಾರನ್ನೂ ಜಪ್ತಿ ಮಾಡಿಸಿದರು. ಮರುವರ್ಷ ಮಿಲ್ಲಿನ ಅಂಗಳದಲ್ಲೇ ಹರಾಜು. ಮಾರಿದ ದುಡ್ಡಲ್ಲಿ ಆಳುಗಳ ಬಾಕಿಯೂ ತೀರುತ್ತದೆ ಎಂದು ಯಾರೋ ಹೇಳಿದ್ದನ್ನು ಗುಂಡಯ್ಯ ನಂಬಿದ್ದ. ಅವತ್ತು ರವೀಂದ್ರ ಹೊಚ್ಚ ಹೊಸ ಹಸಿರು ಶಾಲು ಹೊದ್ದು ಬಂದ.

"ನಾನೂ ರೈತ್ನೇ ಕಣ್ರಣ್ಣ. ಜಮೀನಿನ್ ಪಾಣೀಲಿ ನನ್ನೆಸ್ರೇ ಅದೆ. ರೈತನ್ ಮಾಲು ಅರಾಜಾಗಕ್ಕೆ ಬುಟ್ಬುಡ್ತೀರಾ?"

ಸಂಘದ ಮುಖಂಡ ತಿಮ್ಮಪ್ಪನಿಗೆ ಹಸಿರು ಕಂಡರೆ ಸಾಕು. ಬಂದಿದ್ದ ನಮ್ಮವರನ್ನೆಲ್ಲ ಕಾರಿನ ಮುಂದೆ ಕೂರಿಸಿ ಘೋಷಣೆ ಶುರು ಮಾಡಿದ. ಕಾರು ಕೊಳ್ಳಲೆಂದೇ ಬಂದಿದ್ದ ಮುಂಬಯಿಯ ಗಿರಾಕಿಯೊಬ್ಬ ಬೆವರು ಒರೆಸಿಕೊಳ್ಳುತ್ತಾ ಗೇಟಿನ ಕಡೆ ನೋಡಿದ. ಹರಾಜು ನಡೆಸುವ ಕೋರ್ಟಿನ ಅಮೀನ ಎಷ್ಟು ಕರೆದರೂ ಯಾರೂ ಕೂಗಲಿಲ್ಲ. ಇನ್ನು ಮುಂದೂಡುತ್ತಾರೆ ಎನ್ನುವಾಗ ಗುಂಡಯ್ಯ ಎದ್ದ.

"ಸಾ, ನಂದೊಂದು ಬರ್ಕಳಿ."

"ಎಷ್ಟಯ್ಯಾ?" ಅಮೀನ ಕೇಳಿದ.

"ನನ್ನ ಅದ್ನಾಕು ತಿಂಗ್ಳು ಸಂಬ್ಳ."

ಜನ ನಕ್ಕರು. ತಿಮ್ಮಪ್ಪ ನಗಲಿಲ್ಲ. "ಥೂ, ಜಪ್ತಿ ಮಾಲಿಗೆ ಬಾಯ್ ಬುಟ್ಟಲ್ಲೋ! ನಿಮ್ಮನೆ ಬಾಗ್ಲು ಉಳ್ಸಿದ್ದು ಮರ್ತೋಯ್ತೇನ್ಲಾ?"

"ಮರ್ತಿಲ್ಲ ಕಣಣ್ಣ. ಇದ್ರ ಡಿಕ್ಕೀಲಿ ಒಂದ್ ಕುಂಬಳಕಾಯಿ ಇಡಕ್ಕಾಗಲ್ಲ, ಇದ್ಯಾವ ರೈತನ್ ಗಾಡಿ?" ಎಂದವನು ರವೀಂದ್ರನ ಕಡೆ ತಿರುಗಿದ. "ಸಾವ್ಕಾರ್ರೇ, ಶಾಲಿನ ರೇಟ್ ಚೀಟಿ ಅಂಗೇ ಅದೆ, ಕಿತ್ತಾಕಿ."

ಕೂತವರು ಒಬ್ಬೊಬ್ಬರಾಗಿ ಪಂಚೆ ಕೊಡವಿಕೊಂಡು ಎದ್ದರು. ಕೊನೆಗೆ ತಿಮ್ಮಪ್ಪನೂ ಎದ್ದ. ಸಂಬಳದ ಬಾಕಿ ರೊಕ್ಕವಲ್ಲ ಎಂದು ಅಮೀನ ಗುಂಡಯ್ಯನ ಕೂಗನ್ನು ಬರೆದುಕೊಳ್ಳಲಿಲ್ಲ. ಮುಂಬಯಿಯವನು ಕೂಗಿದ, ಹಾಸನದವನೊಬ್ಬ ಏರಿಸಿದ, ಕಡೆಗೆ ಮುಂಬಯಿಯವನಿಗೇ ಆಯಿತು. ಸಂಜೆ ಕಾರು ಲಾರಿ ಹತ್ತಿ ಹೋಯಿತು. ದುಡ್ಡು ಬ್ಯಾಂಕಿಗೆ ಹೋಯಿತು. ಮಿಕ್ಕರೆ ಆಳುಗಳಿಗೆ ಎಂದರು, ಮಿಗಲಿಲ್ಲ.

ಮುಂದಿನ ಸಭೆಯಲ್ಲಿ, ಕಟ್ಟಳೆ ಮುರಿದವನಿಗೆ ದಂಡ ಹಾಕಬೇಕು ಎಂದು ಕೆಲವರು ಹಟ ಹಿಡಿದರು.

"ದಂಡ ಆಕಿ," ಎಂದ ಗುಂಡಯ್ಯ. "ಆದ್ರೆ ತಪ್ಪು ಕೂಗಿದ್ದಲ್ಲ. ಕಾಸು ಕೈಗೆ ಬರೋಗಂಟ ಕಾರು ಗೇಟು ದಾಟಕ್ಕೆ ಬುಡಬಾರ್ದಾಗಿತ್ತು, ಬುಟ್ಟೆ."

ದಂಡದ ಮಾತು ಅಲ್ಲಿಗೇ ನಿಂತಿತು.

ರವೀಂದ್ರ ಈಗ ಅರಕಲಗೂಡಿನಲ್ಲಿ ಶುಂಠಿ ವ್ಯಾಪಾರ ಮಾಡಿಕೊಂಡು ಚೆನ್ನಾಗಿದ್ದಾನೆ. ಗುಂಡಯ್ಯ ಸ್ಕೂಲ್ ವ್ಯಾನ್ ಓಡಿಸುತ್ತಾನೆ. ಸಂಬಳದ ಬಾಕಿಗೆ ಹಾಕಿದ ಕೇಸಿನ ವಾಯಿದೆ ಬಂದಾಗ ರಜೆ ಹಾಕಿ ಹಾಸನಕ್ಕೆ ಹೋಗಿ ಬರುತ್ತಾನೆ.

ಓದುತ್ತಿರುವ ನಿಮಗೇ ಹೇಳುತ್ತಿದ್ದೇನೆ. ನಿಮ್ಮೂರಲ್ಲೂ ಮಿಲ್ಲು ಮುಚ್ಚುತ್ತದೆ. ಮೆಷಿನ್ನು, ಲಾರಿ, ಕಾರು ಹರಾಜಿಗೆ ಬರುತ್ತವೆ. ಅಗ್ಗಕ್ಕೆ ಸಿಗುತ್ತದೆಂದು ಹೋಗಿ ನಿಲ್ಲುವವರು ನೀವೇ. ಅಲ್ಲಿ ದುಡಿದವರ ಬಾಕಿ ತೀರಿದೆಯಾ ಎಂದು ಮೊದಲು ಕೇಳಿ. ಇಲ್ಲವೆಂದರೆ ಕೂಗಬೇಡಿ, ಗೇಟಿಗೆ ಅಡ್ಡ ಕೂರಿ.