ಫ್ಲೈವೀಲಿಗೆ ಹಚ್ಚಿದ ವಿಭೂತಿ

ನಾಸಿಕದ ನಮ್ಮ ಮನೆಯ ದೇವರ ಗೂಡಿನಲ್ಲಿ, ವಿಭೂತಿ ಗಟ್ಟಿಯ ಮಗ್ಗುಲಿಗೆ, ಒಂದು ವೈಟ್ನರ್ ಬಾಟಲಿ ಕೂತಿದೆ. ಬರೆದ ತಪ್ಪನ್ನು ಬೆಳ್ಳಗೆ ಮುಚ್ಚುವ ಅದೇ ಸಾಮಾನ್ಯ ಬಾಟಲಿ. ಹೆಂಡತಿ ಶೈಲಾ ಪೂಜೆ ಮಾಡುವಾಗ ಅದರ ತಲೆಯ ಮೇಲೂ ಒಂದು ಹೂವು ಬೀಳುತ್ತದೆ. ಇದು ಯಾವ ದೇವರು ಎಂದು ಕೇಳುವ ನೆಂಟರಿಗೆ ಉತ್ತರ ಹೇಳಹೊರಟರೆ ಕಾರಿನ ಎಂಜಿನ್ನನ್ನೇ ಬಿಚ್ಚಬೇಕಾಗುತ್ತದೆಂದು ನಾನು ಸುಮ್ಮನಿರುತ್ತೇನೆ. ನಿಮಗಾದರೆ ಬಿಚ್ಚಿಯೇ ಹೇಳುತ್ತೇನೆ.

ನಮ್ಮ ಕಾರು ಹಳೆಯದು. ಕಪ್ಪು ಹೊಗೆ ಉಗುಳುವುದು ಅದರ ನಿತ್ಯಕರ್ಮವಾದರೆ, ಕ್ಲಚ್ ಬಿಟ್ಟು ಹೊರಡುವಾಗಲೆಲ್ಲ ಮೈಮೇಲೆ ದೇವರು ಬಂದಂತೆ ನಡುಗುವುದು ವಿಶೇಷ ಸೇವೆ. ಬೀದರಿನಿಂದ ಬಂದಿದ್ದ ಅವ್ವನನ್ನು ವೆರೂಳಿನ ಘೃಷ್ಣೇಶ್ವರನ ದರ್ಶನಕ್ಕೆ ಕರೆದುಕೊಂಡು ಹೊರಟ ದಿನ ಅದು ನಿಂತಲ್ಲೆಲ್ಲ ನಡುಗಿ, ದಾರಿ ನಡುವೆ ಯೇವಲಾದಲ್ಲಿ ಅವ್ವ ಬಾಗಿಲು ತೆಗೆದು ಇಳಿದೇಬಿಟ್ಟಳು.

"ಮದಲ ಇದರ ನಡುಕ ಬಿಡಸು, ಆಮ್ಯಾಲ ಹತ್ತತೀನಿ."

"ಟ್ಯಾಕ್ಸಿ ಮಾಡ್ತೀನವ್ವಾ."

"ಮಗನ ಗಾಡ್ಯಾಗ ಬರತೀನಂತ ದೇವರಿಗೆ ಬೇಡ್ಕೊಂಡೀನಿ. ಟ್ಯಾಕ್ಸಿದಂವ ನನ್ನ ಮಗನೇನು?"

ಅವ್ವ ಊರಿಗೆ ಮರಳುವ ದಿನ ಹತ್ತಿರವಿತ್ತು. ಅಷ್ಟರೊಳಗೆ ಕಾರಿನ ನಡುಕ ನಿಲ್ಲದಿದ್ದರೆ ಅವಳು ದರ್ಶನವಿಲ್ಲದೆ ಹೋಗುತ್ತಾಳೆ, ಮತ್ತು ಆ ಸುದ್ದಿ ಅವಳಿಗಿಂತ ಮೊದಲು ಬೀದರ ಮುಟ್ಟುತ್ತದೆ.

ಗ್ಯಾರೇಜಿನ ಗಫಾರ್ ಭಾಯಿ ಎಂಜಿನ್ನನ್ನು ಪೂರ್ತಿ ಬಿಚ್ಚಿದ. ಎಂಜಿನ್ನಿನ ಬೆನ್ನಿಗಂಟಿ ತಿರುಗುವ, ಊಟದ ತಟ್ಟೆಯಗಲದ, ಅಂಚಿಗೆಲ್ಲ ಹಲ್ಲುಗಳಿರುವ ಭಾರದ ಕಬ್ಬಿಣದ ಚಕ್ರವೊಂದಿದೆ, ಅದೇ ಫ್ಲೈವೀಲ್. ಕ್ಲಚ್ ಉಜ್ಜಿ ಉಜ್ಜಿ ಅದರ ಮುಖ ಅಲ್ಲಲ್ಲಿ ನೀಲಿಗಟ್ಟಿ ಸುಟ್ಟಿತ್ತು. ಮುಖ ಹೆರೆಸಿ ಸಮ ಮಾಡಿಸಬೇಕು, ಆದರೆ ಬಿಚ್ಚಿದ ದಿಕ್ಕಿನಲ್ಲೇ ಮತ್ತೆ ಕೂರಿಸಬೇಕು, ತಪ್ಪಿದರೆ ನಡುಕ ದುಪ್ಪಟ್ಟು ಎಂದ. ನಾನು ವಿಶ್ವವಿದ್ಯಾಲಯದಲ್ಲಿ ತತ್ವಶಾಸ್ತ್ರ ಓದಿ ಯಾರ ನೆನಪನ್ನೂ, ಎಲ್ಲಕ್ಕಿಂತ ಹೆಚ್ಚಾಗಿ ನನ್ನದನ್ನು, ನಂಬಬಾರದೆಂದು ಕಲಿತವನು. ನೆನಪು ಸಾಕ್ಷಿಯಲ್ಲ, ವಕೀಲ. ಆದ್ದರಿಂದ ಚಕ್ರ ಕಳಚುವ ಮೊದಲೇ ವೈಟ್ನರ್ ತೆಗೆದು, ಅದು ಕೂರುವ ಎಂಜಿನ್ನಿನ ದಂಡಕ್ಕೊಂದು, ಅದರ ನೇರಕ್ಕೆ ಚಕ್ರಕ್ಕೊಂದು ಬಿಳಿ ಬೊಟ್ಟಿಟ್ಟೆ.

ಛತ್ರಪತಿ ಸಂಭಾಜಿನಗರದಲ್ಲಿರುವ ಶೈಲಾಳ ಅಣ್ಣನಿಗೆ ಗ್ರೈಂಡಿಂಗ್ ಅಂಗಡಿಯೊಂದು ಪರಿಚಯ. ರಾತ್ರಿ ಮನೆಗೆ ತಂದಿಟ್ಟಿದ್ದ ಚಕ್ರವನ್ನು ಬೆಳಿಗ್ಗೆ ಚೀಲಕ್ಕೆ ಹಾಕಲು ಹೋದರೆ ಅದರ ಮುಖದ ಮೇಲೆ ಮೂರು ಬೆರಳಿನ ವಿಭೂತಿ ಪಟ್ಟೆಗಳು!

"ದೂರದೂರಿಗೆ ಹೊಂಟದ. ಬರೀ ಹಣೀಲೆ ಕಳಸಬಾರದು," ಎಂದಳು ಅವ್ವ.

ಬಸ್ಸಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. "ಕಾಯ್ ಕಾಕಾ, ಜಾತಂ ಕಾ?" ಬೀಸುಕಲ್ಲೇನು ಎಂದು ಕಂಡಕ್ಟರ್ ನಕ್ಕ. ಪಕ್ಕದ ಅಜ್ಜ ಮಾತ್ರ ಚೀಲದ ಬಾಯಿಂದ ಇಣುಕಿದ ವಿಭೂತಿ ನೋಡಿ ಕೈ ಮುಗಿದು, ಸರಿದು ಜಾಗ ಬಿಟ್ಟ. ನಾನು ಅಲ್ಲಗಳೆಯಲಿಲ್ಲ. ನಾಸ್ತಿಕನಿಗೂ ಬಸ್ಸಿನಲ್ಲಿ ಜಾಗ ಬೇಕಾಗುತ್ತದೆ.

ಅಂಗಡಿಯವರು ಮೊದಲು ಡೀಸೆಲ್ಲಿನಿಂದ ಚಕ್ರ ತೊಳೆದರು. ಆಗ ನಾನು ಚಹಾ ಕುಡಿಯುತ್ತಿದ್ದೆ. ಸಾಣೆಕಲ್ಲು ನೀರಿನ ಧಾರೆಯಲ್ಲಿ ಸುತ್ತುತ್ತ ಕೂದಲೆಳೆಯಷ್ಟು ಪದರ ಹೆರೆದು, ಕಾರು ಇಷ್ಟು ವರ್ಷ ತಿಂದ ಬಿಸಿಯನ್ನೂ ಗೀರನ್ನೂ ಒರೆಸಿಹಾಕಿತು. "ಇನ್ನೊಮ್ಮೆ ಹೆರೆಯಬಹುದು, ಆಮೇಲೆ ಚಕ್ರ ತೆಳುವಾಗುತ್ತದೆ," ಎಂದ ಮಾಲೀಕ. ಮರಳುವ ಬಸ್ಸಿನಲ್ಲಿ ಆ ಮಾತೇ ನನ್ನನ್ನು ಹೆರೆಯುತ್ತಿತ್ತು. ನಾವು ಹಳೆಯದನ್ನು ಹೇಳುವಾಗಲೂ ಹೀಗೇ ಅಲ್ಲವೆ? ಒಮ್ಮೆ ಹೇಳಿದಾಗ ಒಂದು ಗೀರು ಹೋಗುತ್ತದೆ, ಇನ್ನೊಮ್ಮೆಗೆ ಒಂದು ಸುಟ್ಟ ಕಲೆ. ಕಡೆಗೆ ನಮ್ಮ ಮುಖವೇ ಕಾಣುವಷ್ಟು ಹೊಳೆಯುವ, ಆದರೆ ನಡೆದದ್ದೇನೂ ಉಳಿದಿರದ ಒಂದು ನುಣುಪು. ನಾನು ಈ ವಿಚಾರದ ಸುಖದಲ್ಲಿದ್ದಾಗಲೇ, ವಿಭೂತಿಯ ಜೊತೆ ನನ್ನ ವೈಟ್ನರ್ ಬೊಟ್ಟೂ ತೊಳೆದುಹೋಗಿದೆಯೆಂಬುದು ಹೊಳೆಯಿತು.

"ನಿಶಾನ್ ಕಿಧರ್ ಹೈ, ಸಾಬ್?" ಗಫಾರ್ ಭಾಯಿ ಕೇಳಿದ. ಗುರುತು ಎಲ್ಲಿಟ್ಟಿದ್ದೆನೋ ನನಗೆ ನೆನಪಿಲ್ಲ. ಮನೆಗೆ ಫೋನು ಮಾಡಿದರೆ ಅವ್ವ ತಡವರಿಸಲೇ ಇಲ್ಲ.

"ನಿನ್ನ ಸುಣ್ಣದ ಬೊಟ್ಟೇನು? ಒಂದು ಹಲ್ಲ ಮುರದದಲ್ಲ, ಅದರ ಮಗ್ಗಲಿಗೇ ಇತ್ತು."

ಮುರಿದ ಹಲ್ಲನ್ನು ದಂಡದ ಬೊಟ್ಟಿಗೆ ಸರಿಯಾಗಿ ತಂದು ಕೂರಿಸಿದರೆ ಒಂದು ಬೋಲ್ಟು ಹೊಂದಲೊಲ್ಲದು. ಒಂದೊಂದೇ ತೂತಿನಷ್ಟು ತಿರುಗಿಸುತ್ತ ಹೋಗಿ, ಆ ಹಲ್ಲು ದಂಡದ ಆಚೆ ಬದಿಗೆ, ಬೊಟ್ಟಿನ ನೇರ ಎದುರಿಗೆ ಬಂದಾಗ ಎಲ್ಲ ಬೋಲ್ಟೂ ಸಲೀಸಾಗಿ ಇಳಿದವು. ಗಫಾರ್ ಭಾಯಿ ಹಣೆ ಬಡಿದುಕೊಂಡ. "ಅರೆ, ಇಸ್ಮೆ ಏಕ್ ಛೇದ್ ತಿರಛಾ ಹೈ! ಯೇ ತೋ ಏಕೀಚ್ ಜಗಾ ಬೈಠತಾ!" ಚಕ್ರ ಒಂದೇ ದಿಕ್ಕಿನಲ್ಲಿ ಕೂರಲೆಂದು ಕಾರ್ಖಾನೆಯಲ್ಲೇ ಒಂದು ತೂತನ್ನು ಬೇಕೆಂದೇ ಸ್ವಲ್ಪ ಸರಿಸಿ ಕೊರೆದಿದ್ದರು. ನಮ್ಮ ಮೂವರ ನೆನಪನ್ನೂ ನಂಬದ ಯಾರೋ ಒಬ್ಬ, ಎಲ್ಲೋ ಕೂತು, ನಾವು ಹುಟ್ಟಿಸುವ ಗೊಂದಲವನ್ನು ಮೊದಲೇ ಊಹಿಸಿದ್ದ. ನನ್ನ ಕುಲದವನೇ ಇರಬೇಕು.

ಅವ್ವ, ಶೈಲಾ, ನಾನು ಮತ್ತೆ ವೆರೂಳಿಗೆ ಹೊರಟೆವು. ಯೇವಲಾ ಬಂದಾಗ ಅವ್ವ "ನಿಲ್ಲಸು" ಎಂದಳು. ಕಾರನ್ನು ಬದಿಗೆ ತಂದು ನಿಲ್ಲಿಸಿದೆ.

"ಇಲ್ಲೇ ನಡಗಿತ್ತು. ಈಗ ನಡಸು ನೋಡೂಣು."

ಕ್ಲಚ್ ಬಿಟ್ಟೆ. ಕಾರು ಬೆಣ್ಣೆಯೊಳಗಿನ ಕೂದಲಿನಂತೆ ಸರಿಯಿತು. ಅವ್ವ ಸೆರಗು ಸರಿಮಾಡಿಕೊಂಡು ಹಿಂದಕ್ಕೊರಗಿದಳು. ದರ್ಶನ ಅಲ್ಲಿಗೇ ಅರ್ಧ ಆದಂತಿತ್ತು.

"ಆದರ ಅವ್ವಾ, ನೀ ಹೇಳಿದ್ದು ತಪ್ಪಾಗಿತ್ತು," ಎಂದೆ, ತಡೆಯಲಾರದೆ. "ಹಲ್ಲಿನ ಮಗ್ಗಲಿಗೆ ಅಂದಿದ್ದಿ. ಇದ್ದದ್ದು ಎದುರಿಗೆ."

"ನಾ ಎದುರಿಗೇ ಅಂತ ಹೇಳೀನಿ."

"ಹೌದ್ರಿ, ಎದುರಿಗೇ ಅಂದಿದ್ರು," ಎಂದಳು ಹಿಂದಿನಿಂದ ಶೈಲಾ. "ನಾ ಅಲ್ಲೇ ನಿಂತಿದ್ದೆ."

ವೆರೂಳು ಮುಟ್ಟುವಷ್ಟರಲ್ಲಿ ನನಗೂ ಅವ್ವ "ಎದುರಿಗೆ" ಎಂದ ಧ್ವನಿ ಕೇಳಿಸತೊಡಗಿತ್ತು.

ಇನ್ನು ಬಾಟಲಿ. ಅದನ್ನು ಗೂಡಿನಲ್ಲಿಟ್ಟವಳು ಅವ್ವನೇ ಎಂದು ನಂಬಿದ್ದೆ. ಮೊನ್ನೆ ಫೋನಿನಲ್ಲಿ ಕೇಳಿದರೆ, "ನೀನೇ ಇಟ್ಟೀಯಲ್ಲೋ, ವೆರೂಳಿಂದ ಬಂದ ಸಂಜೀಗೆ. ಕೈ ಸೈತ ಮುಗದಿ," ಎಂದಳು. ಕೈ ಮುಗಿದದ್ದಂತೂ ಸುಳ್ಳು. ಇಟ್ಟದ್ದರ ಬಗ್ಗೆ ಆಣೆ ಮಾಡಲಾರೆ. ಬಾಟಲಿಯನ್ನು ಅಲ್ಲಿಂದ ಕದಲಿಸಿಲ್ಲ. ಏನಾದರೂ ತಪ್ಪು ಬರೆದಾಗ ಗೂಡಿಗೆ ಕೈ ಹಾಕಿ ಅದನ್ನು ತೆಗೆದುಕೊಳ್ಳುತ್ತೇನೆ. ಮೊದಲು ಹೂವನ್ನು ಮೆಲ್ಲಗೆ ಪಕ್ಕಕ್ಕಿಡುತ್ತೇನೆ.